ಕೃತಕ ಸೊಂಟದ ಕೀಲಿನ ಲೇಪಗಳು: ಒಂದು ಐತಿಹಾಸಿಕ ವಿವೇಚನೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಮನೆಗಳಲ್ಲಿ ತೊಡೆಯ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುವವರನ್ನೂ ನೆಲದಲ್ಲಿ ಕುಳಿತು ಅಡಕೆ ಸುಲಿಯುವವರನ್ನೂ ಬಲ್ಲ ನಮಗೆ, ಕೃತಕ ಸೊಂಟದ ಕೀಲಿನ ಇತಿಹಾಸವನ್ನು ಓದುವಾಗ ಒಂದು ಪ್ರಶ್ನೆ ಏಳುತ್ತದೆ: ಈ ಕೀಲು ಯಾರ ಬದುಕನ್ನು ಕಂಡು ರೂಪುಗೊಂಡಿತು?

ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿಯವರು 1958ರ ಸುಮಾರಿಗೆ ಟೆಫ್ಲಾನಿನ ಬಟ್ಟಲೊಳಗೆ ಲೋಹದ ಗುಂಡು ತಿರುಗುವ ಕೀಲನ್ನು ಅಳವಡಿಸತೊಡಗಿದರು. ಟೆಫ್ಲಾನಿನ ನುಣುಪು ಪ್ರಸಿದ್ಧವಾದುದು. ಆದರೂ ಅದು ಕೆಲವೇ ವರ್ಷಗಳಲ್ಲಿ ಸವೆಯಿತು, ಅದರ ಪುಡಿಯು ಸುತ್ತಣ ಅಂಗಾಂಶವನ್ನು ಕೆರಳಿಸಿತು. ಆ ಪುಡಿಯನ್ನು ತಮ್ಮ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದ ಚಾರ್ನ್ಲಿಯವರ ಧೈರ್ಯವನ್ನು ಇಲ್ಲಿ ನೆನೆಯದಿರಲಾಗದು. 1962ರಲ್ಲಿ ಅವರು ಪಾಲಿಎಥಿಲೀನನ್ನು ಸ್ವೀಕರಿಸಿದರು. ಅದೂ ಸವೆಯುತ್ತದೆ, ಆದರೆ ನಿಧಾನವಾಗಿ. ಆ ಕಣಗಳಿಂದ ಎಲುಬು ಕರಗಿ ಕೀಲು ಸಡಿಲವಾಗುವುದೆಂಬುದು ಮುಂದೆ ತಿಳಿದುಬಂದಿತು.

ಗುಂಡಿನ ಮೈ ಗೀರುಬೀಳದೆ ಉಳಿದರೆ ಬಟ್ಟಲಿನ ಸವೆತವೂ ತಗ್ಗೀತೆಂಬ ಎಣಿಕೆಯಿಂದ ಲೇಪಗಳು ಹುಟ್ಟಿದುವು. ಹೊಂಬಣ್ಣದ ಟೈಟೇನಿಯಂ ನೈಟ್ರೈಡ್, ವಜ್ರಸದೃಶ ಇಂಗಾಲ ಮೊದಲಾದುವು ಈ ಬಗೆಯವು. ಇವುಗಳ ದಪ್ಪ ಕೆಲವೇ ಮೈಕ್ರೋಮೀಟರ್. ನಮ್ಮ ಹಿತ್ತಾಳೆ ಪಾತ್ರೆಯ ಕಲಾಯಿಯಂತೆ, ಇಲ್ಲಿಯೂ ಅಡಿಯ ಲೋಹವನ್ನು ಬಿಡದೆ ಹಿಡಿದುಕೊಳ್ಳುವುದೇ ಲೇಪದ ಮುಖ್ಯ ಗುಣ. ಬರಿಯ ಗಟ್ಟಿತನ ಸಾಲದು. 1993ರಿಂದ 1995ರವರೆಗೆ ಜರ್ಮನಿಯಲ್ಲಿ ವಜ್ರಸದೃಶ ಇಂಗಾಲ ಲೇಪಿಸಿದ ಟೈಟೇನಿಯಂ ಗುಂಡುಗಳನ್ನು ರೋಗಿಗಳಿಗೆ ಅಳವಡಿಸಿದರು. ಯಂತ್ರದ ಪರೀಕ್ಷೆಯಲ್ಲಿ ಭರವಸೆ ಹುಟ್ಟಿಸಿದ್ದ ಆ ಲೇಪವು ದೇಹದೊಳಗೆ ಅಲ್ಲಲ್ಲಿ ಕಿತ್ತುಬಂದು, ಹಲವರಿಗೆ ಹತ್ತು ವರ್ಷ ತುಂಬುವ ಮೊದಲೇ ಮರುಶಸ್ತ್ರಚಿಕಿತ್ಸೆ ಮಾಡಬೇಕಾಯಿತು.

ಜಿರ್ಕೋನಿಯಂ ಮಿಶ್ರಲೋಹವನ್ನು ಗಾಳಿಯಲ್ಲಿ ಕಾಯಿಸಿ, ಅದರ ಮೇಲ್ಮೈಯನ್ನೇ ಸುಮಾರು 5 ಮೈಕ್ರೋಮೀಟರ್ ದಪ್ಪದ ಕಪ್ಪು ಪದರವನ್ನಾಗಿ ಮಾರ್ಪಡಿಸುವ ಕ್ರಮವು ಇದಕ್ಕಿಂತ ಜಾಣತನದ್ದು. ಹೊರಗಿನಿಂದ ಹಚ್ಚಿದುದಲ್ಲವಾದುದರಿಂದ ಈ ಪದರ ಸುಲಭವಾಗಿ ಏಳದು. ಆದರೆ ಗುಂಡು ಬಟ್ಟಲಿನಿಂದ ಜಾರಿ ಲೋಹದ ಅಂಚಿಗೆ ಉಜ್ಜಿದಲ್ಲಿ ಪದರ ಹರಿದು, ಅಡಿಯ ಮೆದುಲೋಹ ಹೊರಬಿದ್ದುದು ದೇಹದಿಂದ ಹೊರತೆಗೆದ ಕೀಲುಗಳಲ್ಲಿ ಕಂಡುಬಂದಿದೆ.

ನಮ್ಮ ಪ್ರಶ್ನೆ ಮತ್ತೆ ಎದುರಾಗುವುದು ಇಲ್ಲಿಯೇ. ಸೊಂಟ ಅತಿಯಾಗಿ ಮಡಿಸಿದಾಗ ಕೀಲು ಜಾರುವ ಅಪಾಯ ಹೆಚ್ಚು. ಸವೆತವನ್ನಳೆಯುವ ಮುಖ್ಯ ಅಂತರರಾಷ್ಟ್ರೀಯ ಕ್ರಮವಾದರೋ ನಡಿಗೆಯನ್ನು ಅನುಕರಿಸಿ 50 ಲಕ್ಷ ಆವರ್ತನೆಗಳನ್ನು ಎಣಿಸುತ್ತದೆ. ಕುಕ್ಕುರುಗಾಲಿನಲ್ಲಿ ಕುಳಿತೇಳುವುದು ಆ ಎಣಿಕೆಗೆ ಸೇರಿಲ್ಲ. ನೆಲದಲ್ಲಿ ಕೂಡಬಾರದೆಂಬ ವೈದ್ಯರ ಸಲಹೆ ಯುಕ್ತವೇ. ಬೀಡಿ ಕಟ್ಟುವ ಹೆಂಗಸಿಗೆ ಅದು ದುಡಿಮೆಯ ರೀತಿಯನ್ನೇ ಬದಲಿಸೆಂದಂತಾಗುತ್ತದೆ. ಸ್ವೀಡನ್ ದೇಶವು 1979ರಿಂದ ಇಂಥ ಕೀಲುಗಳ ದಾಖಲೆಯನ್ನಿಟ್ಟಿದೆ. ನಮ್ಮ ಜಿಲ್ಲೆಯಲ್ಲಿ ಯಾರಾದರೂ ಅಂಥ ದಾಖಲೆಯನ್ನು ಬರೆಯಹೊರಟರೆ, ರೋಗಿಯ ವಯಸ್ಸು, ಕೀಲಿನ ಜಾತಿಗಳ ಜೊತೆಗೆ, ಆತ ಯಾವ ಕೆಲಸಕ್ಕಾಗಿ ದಿನಕ್ಕೆ ಎಷ್ಟು ಹೊತ್ತು ನೆಲದ ಮೇಲೆ ಕೂಡುವನೆಂಬುದನ್ನೂ ಬರೆದಿಡಬೇಕೆಂದು ನಮಗೆ ತೋರುತ್ತದೆ.