ತಾಳಿಕೋಟೆಯಲ್ಲಿ ನಡೆಯದ ತಾಳಿಕೋಟೆ ಕದನ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಯೆಹೋಶುವನು ಆಯಿ ಎಂಬ ಪಟ್ಟಣವನ್ನು ಗೆದ್ದ ಕಥೆಯಿದೆ. ಪಟ್ಟಣದ ಹಿಂದೆ ಹೊಂಚು ಹಾಕಲು ಅವನು ಆರಿಸಿದವರು 30 ಸಾವಿರ ಮಂದಿ ಎಂದು 8ನೇ ಅಧ್ಯಾಯದ 3ನೇ ವಚನ ಹೇಳುತ್ತದೆ. 12ನೇ ವಚನಕ್ಕೆ ಬರುವಷ್ಟರಲ್ಲಿ ಅವರು 5 ಸಾವಿರ! ಇವು ಬೇರೆ ಬೇರೆ ತುಕಡಿಗಳೆಂದು ಕೆಲವರು, ಎರಡು ಹಳೆಯ ಕಥನಗಳನ್ನು ಸೇರಿಸಿ ಹೊಲಿದ ಗುರುತೆಂದು ಇನ್ನು ಕೆಲವರು ಅರ್ಥ ಹೇಳಿದ್ದಾರೆ.

ಇಂಥ ಗೋಜಲು ನೋಡಲು ಅಷ್ಟು ದೂರ ಹೋಗಬೇಕಿಲ್ಲ. 1565ರ ಜನವರಿಯಲ್ಲಿ ವಿಜಯನಗರ ಸೋತ ಕದನದ ಹೆಸರಿನಲ್ಲೇ ತಕರಾರಿದೆ. ತಾಳಿಕೋಟೆ ಕೃಷ್ಣೆಯ ಉತ್ತರಕ್ಕಿರುವ ಊರು. ಸುಲ್ತಾನರ ಸೇನೆಗಳು ಬೀಡುಬಿಟ್ಟಿದ್ದ ಜಾಗ. ಅವು ಹೊಳೆ ದಾಟಿದ ಮೇಲೆ ದಕ್ಷಿಣ ದಡದಲ್ಲಿ ಯುದ್ಧವಾಯಿತೆಂದು 1900ರಲ್ಲಿ ರಾಬರ್ಟ್ ಸೆವೆಲ್ ಬರೆದ. ನಮ್ಮವರು ಹೇಳುವ ರಕ್ಕಸತಂಗಡಿ ಎಂಬುದು ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಕೂಡಿ ಆದದ್ದು.

ಜಾಗದ ಜಗಳ ಹಾಗಿರಲಿ. ಸೋಲಿಗೆ ಕಾರಣವೇನು ಎಂಬಲ್ಲಿ ಭಿನ್ನಾಭಿಪ್ರಾಯ ನಿಜಕ್ಕೂ ದೊಡ್ಡದು. ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾನ ಪ್ರಕಾರ, ಆನೆಯೊಂದು ನುಗ್ಗಿದಾಗ ಬೋಯಿಗಳು ಪಲ್ಲಕ್ಕಿ ಬಿಟ್ಟು ಓಡಿದರು. ವೃದ್ಧ ರಾಮರಾಯ ಸೆರೆಸಿಕ್ಕ. ಹುಸೇನ್ ನಿಜಾಂ ಶಾ ಅವನ ತಲೆ ಕಡಿಸಿದ. ಆದರೆ 1567ರಲ್ಲಿ ವಿಜಯನಗರಕ್ಕೆ ಬಂದು ಏಳು ತಿಂಗಳು ತಂಗಿದ್ದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬೇರೆಯೇ ಹೇಳುತ್ತಾನೆ: ರಾಯನ ಸೇನೆಯಲ್ಲೇ ಇದ್ದ ಇಬ್ಬರು ಮುಸ್ಲಿಂ ದಳಪತಿಗಳು ಕದನದ ನಡುವೆ ತಿರುಗಿಬಿದ್ದರು.

ಯಾರನ್ನು ನಂಬುವುದು? ಫೆರಿಷ್ತಾ ಬರೆದದ್ದು ಸುಮಾರು ನಲವತ್ತು ವರ್ಷ ತಡವಾಗಿ, ಅದೂ ಗೆದ್ದವರ ಆಶ್ರಯದಲ್ಲಿ. ಗೆಲುವನ್ನು ದ್ರೋಹಿಗಳ ಲೆಕ್ಕಕ್ಕೆ ಬರೆಯುವುದು ಅಲ್ಲಿ ಯಾರಿಗೂ ಬೇಕಿರಲಿಲ್ಲ. ಫ್ರೆಡರಿಕ್ ಬಂದದ್ದು ಎರಡೇ ವರ್ಷಕ್ಕೆ; ಆದರೆ ಕೇಳಿದ್ದು ಸೋತವರ ಊರಿನಲ್ಲಿ. ಸೋತವರಿಗೆ ದ್ರೋಹದ ಕಥೆ ಸಮಾಧಾನ ಕೊಡುತ್ತದೆ. ಆ ಇಬ್ಬರ ಕೈಕೆಳಗೆ ತಲಾ 70–80 ಸಾವಿರ ಜನರಿದ್ದರೆಂಬ ಅವನ ಮಾತನ್ನಂತೂ ಹಾಗೇ ಒಪ್ಪಲಾಗದು. ದ್ರೋಹ ನಡೆದೇ ಇಲ್ಲವೆನ್ನಲೂ ಆಧಾರವಿಲ್ಲ.

ಇದನ್ನು ಎರಡು ಧರ್ಮಗಳ ಕಾಳಗವೆಂದು ಒಂದೇ ಮಾತಿನಲ್ಲಿ ಮುಗಿಸುವವರಿಗೆ ಫೆರಿಷ್ತಾನೇ ಅಡ್ಡ ಬರುತ್ತಾನೆ. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾ ಸ್ವತಃ ವಿಜಯನಗರಕ್ಕೆ ಹೋಗಿ ಸಂತಾಪ ಹೇಳಿದನಂತೆ; ರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳಂತೆ. ಆಮೇಲೆ ಇಬ್ಬರೂ ಒಟ್ಟಾಗಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದರು. 1565ರಲ್ಲಿ ಅದೇ ಅಲಿ ಎದುರು ಪಾಳೆಯದಲ್ಲಿ ನಿಂತಿದ್ದ.