ಕೈ ಮೇಲೆತ್ತಿದರೆ ಭುಜ ಹಿಡಿಯುತ್ತದೆಯೇ? ವರ್ಕೌಟ್‌ಗೆ ಮುನ್ನ ಮತ್ತು ನಂತರ ಏನು ಮಾಡಬೇಕು?

ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕುಳಿತವರು ಭಾನುವಾರ ಬೆಳಗ್ಗೆ ಕ್ರಿಕೆಟ್ ಆಡಲು ಮೈದಾನಕ್ಕಿಳಿಯುತ್ತಾರೆ. ಬೌಂಡರಿ ಗೆರೆಯಿಂದ ಮೊದಲ ಚೆಂಡನ್ನೇ ಪೂರ್ತಿ ಬಲ ಹಾಕಿ ಕೀಪರ್ ಕಡೆಗೆ ಎಸೆಯುತ್ತಾರೆ. ಸೋಮವಾರ ಶರ್ಟ್ ತೊಡಲು ಕೈ ಹಿಂದಕ್ಕೆ ಹೋಗುವುದಿಲ್ಲ. ಜಿಮ್‌ನಲ್ಲೂ ಇದೇ ಕಥೆ. ಆಫೀಸ್ ಮುಗಿಸಿ ನೇರವಾಗಿ ಬಂದು ತಲೆಯ ಮೇಲೆ ಭಾರ ಎತ್ತಿದವರಿಗೆ ಮಾರನೇ ದಿನ ಭುಜ ಹಿಡಿದುಕೊಳ್ಳುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ನೋಯುವ ಭುಜವನ್ನೇ ಹಿಡಿದು ಜೋರಾಗಿ ಎಳೆಯುವುದು.

ಆದರೆ ನೋವು ಇರುವ ಜಾಗದಲ್ಲೇ ಬಿಗಿತವೂ ಇರಬೇಕೆಂದಿಲ್ಲ. ಭುಜ ನೋಯುತ್ತಿದ್ದರೂ ಬಿಗಿತ ಬೆನ್ನಿನ ಮೇಲ್ಭಾಗದಲ್ಲಿ ಇರಬಹುದು. ಹಾಗಾಗಿ ಎಲ್ಲಿ ಸಡಿಲಿಸಬೇಕು, ಯಾವಾಗ ಸಡಿಲಿಸಬೇಕು ಎಂಬ ಎರಡು ವಿಷಯ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

ಭುಜ ಒಂಟಿಯಾಗಿ ಕೆಲಸ ಮಾಡುವುದಿಲ್ಲ

ದೇಹದ ಕೀಲುಗಳಲ್ಲಿ ಅತಿ ಹೆಚ್ಚು ದಿಕ್ಕುಗಳಲ್ಲಿ ತಿರುಗಬಲ್ಲದ್ದು ಭುಜ. ತೋಳಿನ ಮೂಳೆಯ ಗುಂಡನೆಯ ತುದಿ ದೊಡ್ಡದು, ಅದು ಕೂರುವ ಗುಳಿ ಮಾತ್ರ ಚಿಕ್ಕದು, ಆಳವಿಲ್ಲದ್ದು. ಸಣ್ಣ ತಟ್ಟೆಯ ಮೇಲೆ ದೊಡ್ಡ ಚೆಂಡು ಇಟ್ಟ ಹಾಗೆ. ಈ ಚೆಂಡು ಜಾರದಂತೆ ಹಿಡಿದಿಡುವ ಮುಖ್ಯ ಕೆಲಸ ನಾಲ್ಕು ಸ್ನಾಯುಗಳದ್ದು. ಇವುಗಳ ಗುಂಪಿಗೆ ರೊಟೇಟರ್ ಕಫ್ ಎಂದು ಹೆಸರು.

ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ಪೂರ್ತಿ ಎತ್ತಿದರೆ ಸುಮಾರು 180 ಡಿಗ್ರಿ ಚಲನೆ. ಇದರಲ್ಲಿ ಸುಮಾರು 120 ಡಿಗ್ರಿ ಮಾತ್ರ ಭುಜದ ಕೀಲಿನದ್ದು. ಉಳಿದ ಸುಮಾರು 60 ಡಿಗ್ರಿ ಸಿಗುವುದು ಹೆಗಲೆಲುಬು ತಿರುಗುವುದರಿಂದ. ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಬದಿ ರೆಕ್ಕೆಯಂತೆ ಕಾಣುವ ತ್ರಿಕೋನದ ಚಪ್ಪಟೆ ಮೂಳೆಯೇ ಈ ಹೆಗಲೆಲುಬು. ಅದು ಪಕ್ಕೆಲುಬಿನ ಗೂಡಿನ ಮೇಲೆ ಜಾರುತ್ತಾ ತಿರುಗುತ್ತದೆ. ಬೆನ್ನು ಗೂನಾಗಿ ಬಾಗಿದ್ದರೆ ಅದಕ್ಕೆ ಸರಿಯಾಗಿ ತಿರುಗಲು ಆಗುವುದಿಲ್ಲ. ಕುರ್ಚಿಯಲ್ಲಿ ಗೂನು ಬೆನ್ನು ಮಾಡಿ ಕೈ ಎತ್ತಿ ನೋಡಿ, ನಂತರ ನೆಟ್ಟಗೆ ಕುಳಿತು ಎತ್ತಿ ನೋಡಿ. ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಸ್ಟ್ರೆಚಿಂಗ್ ಬೇರೆ, ಮೊಬಿಲಿಟಿ ಬೇರೆ

ಸ್ನಾಯುವನ್ನು ಹಿಗ್ಗಿಸಿ ಕೆಲವು ಸೆಕೆಂಡ್ ಹಾಗೆಯೇ ಹಿಡಿದಿಡುವುದು ಸ್ಟ್ಯಾಟಿಕ್ ಸ್ಟ್ರೆಚಿಂಗ್. ಬೇರೆಯವರ ಸಹಾಯವಿಲ್ಲದೆ, ಸ್ವಂತ ಸ್ನಾಯುಬಲದಿಂದ ಕೀಲನ್ನು ಅದರ ಪೂರ್ಣ ವ್ಯಾಪ್ತಿಯಲ್ಲಿ ಹಿಡಿತದೊಂದಿಗೆ ಆಡಿಸುವ ಸಾಮರ್ಥ್ಯವೇ ಮೊಬಿಲಿಟಿ. ಗೆಳೆಯ ಹಿಂದಿನಿಂದ ಎಳೆದಾಗ ಕೈ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕಿಂತ, ನೀವಾಗಿಯೇ ಎಷ್ಟು ದೂರ ಒಯ್ದು ಅಲ್ಲಿ ನಿಲ್ಲಿಸಬಲ್ಲಿರಿ ಎನ್ನುವುದು ಆಟದಲ್ಲಿ ಉಪಯೋಗಕ್ಕೆ ಬರುತ್ತದೆ.

ಒಂದೇ ಸ್ನಾಯುವನ್ನು 60 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಹಿಗ್ಗಿಸಿ ಹಿಡಿದು, ಕೂಡಲೇ ಬಲ ಅಥವಾ ವೇಗದ ಕೆಲಸಕ್ಕೆ ಇಳಿದರೆ ಸಾಮರ್ಥ್ಯ ತುಸು ಕುಗ್ಗುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಚಿಕ್ಕ ಅವಧಿಯ ಸ್ಟ್ರೆಚ್‌ನಿಂದ ಅಂಥ ದೊಡ್ಡ ನಷ್ಟವಿಲ್ಲ. ಸರಳ ಸೂತ್ರ ಇಷ್ಟೇ: ವ್ಯಾಯಾಮಕ್ಕೆ ಮುನ್ನ ಆಡಿಸಿ, ನಂತರ ಹಿಡಿದಿಡಿ.

ಮನೆಯಲ್ಲೇ ಒಂದು ಪರೀಕ್ಷೆ

ಗೋಡೆಗೆ ಬೆನ್ನು, ತಲೆ ತಾಗಿಸಿ ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿರಲಿ. ಮೊಣಕೈ ಮಡಿಸದೆ, ಹೆಬ್ಬೆರಳು ಮೇಲ್ಮುಖವಾಗಿರುವಂತೆ ಎರಡೂ ಕೈಗಳನ್ನು ಮುಂದಿನಿಂದ ಮೇಲಕ್ಕೆ ಎತ್ತಿ. ಸೊಂಟ ಕಮಾನಾಗದೆ, ಪಕ್ಕೆಲುಬು ಮುಂದಕ್ಕೆ ಉಬ್ಬದೆ ಹೆಬ್ಬೆರಳು ಗೋಡೆ ಮುಟ್ಟಿದರೆ ವ್ಯಾಪ್ತಿ ಚೆನ್ನಾಗಿದೆ. ಸೊಂಟ ಬಾಗಿಸಿದರೆ ಮಾತ್ರ ಮುಟ್ಟುತ್ತದೆ ಎಂದಾದರೆ ಭುಜದ ಕೊರತೆಯನ್ನು ಸೊಂಟ ತುಂಬುತ್ತಿದೆ. ತಲೆಯ ಮೇಲೆ ಭಾರ ಎತ್ತುವಾಗಲೂ ಹೀಗೇ ಆಗುತ್ತದೆ. ಅಂಥವರು ಮೊದಲು ವ್ಯಾಪ್ತಿ ಸುಧಾರಿಸಿಕೊಂಡು ನಂತರ ತೂಕ ಹೆಚ್ಚಿಸುವುದು ಒಳ್ಳೆಯದು.

ವ್ಯಾಯಾಮಕ್ಕೆ ಮುನ್ನ: 8ರಿಂದ 10 ನಿಮಿಷ

* ಮೈ ಬಿಸಿಯಾಗಲಿ: 2–3 ನಿಮಿಷ ಬಿರುಸಿನ ನಡಿಗೆ, ನಿಧಾನ ಓಟ ಅಥವಾ ಸ್ಕಿಪ್ಪಿಂಗ್.
* ತೋಳು ಸುತ್ತಿಸುವುದು: ಚಿಕ್ಕ ವೃತ್ತದಿಂದ ಶುರುಮಾಡಿ ದೊಡ್ಡದು ಮಾಡಿ. ಮುಂದಕ್ಕೆ 10, ಹಿಂದಕ್ಕೆ 10.
* ಮಾರ್ಜಾಲಾಸನ: ಮಂಡಿ ಮತ್ತು ಅಂಗೈ ಊರಿ ಬೆನ್ನನ್ನು ಮೇಲಕ್ಕೆ ಉಬ್ಬಿಸಿ, ನಂತರ ಕೆಳಕ್ಕೆ ತಗ್ಗಿಸಿ. ಉಸಿರಿನ ಜೊತೆ ನಿಧಾನವಾಗಿ 8–10 ಬಾರಿ.
* ಪುಸ್ತಕ ತೆರೆಯುವ ವ್ಯಾಯಾಮ: ಮಗ್ಗುಲಾಗಿ ಮಲಗಿ, ಮಂಡಿ ಮಡಿಸಿ, ಎರಡೂ ಕೈ ಮುಂದಕ್ಕೆ ಚಾಚಿ. ಮಂಡಿ ಅಲುಗದಂತೆ ಮೇಲಿನ ಕೈಯನ್ನು ಹಿಂದಕ್ಕೆ ತೆರೆಯಿರಿ. ನೋಟ ಕೈಯನ್ನೇ ಹಿಂಬಾಲಿಸಲಿ. ಪ್ರತಿ ಬದಿಗೆ 6–8 ಬಾರಿ.
* ಗೋಡೆಯ ಮೇಲೆ ಜಾರಿಸುವುದು: ಗೋಡೆಗೆ ಎದುರಾಗಿ ನಿಂತು ಮುಂಗೈಗಳನ್ನು ಗೋಡೆಗೆ ಊರಿ, ಮೇಲಕ್ಕೆ ಜಾರಿಸಿ ಇಳಿಸಿ. 10 ಬಾರಿ. ಹೆಗಲೆಲುಬಿಗೆ ಇದು ಒಳ್ಳೆಯ ಅಭ್ಯಾಸ.
* ಬ್ಯಾಂಡ್ ಎಳೆಯುವುದು: ಹಗುರ ರಬ್ಬರ್ ಬ್ಯಾಂಡನ್ನು ಎದೆಯ ಎತ್ತರದಲ್ಲಿ ಹಿಡಿದು ಎರಡೂ ಬದಿಗೆ ಎಳೆಯಿರಿ. 12–15 ಬಾರಿ.

ಇದಾದ ಮೇಲೂ ನೇರವಾಗಿ ಪೂರ್ತಿ ಬಲ ಬೇಡ. ಜಿಮ್‌ನಲ್ಲಾದರೆ ಮೊದಲ ಸೆಟ್ ಹಗುರ ತೂಕದಲ್ಲಿರಲಿ. ಮೈದಾನದಲ್ಲಾದರೆ ಹತ್ತಿರದ ದೂರಕ್ಕೆ ಅರ್ಧ ಬಲದ ಕೆಲವು ಎಸೆತಗಳಿರಲಿ.

ವ್ಯಾಯಾಮದ ನಂತರ: ಹಿಗ್ಗಿಸಿ ಹಿಡಿದಿಡಿ

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಸಂಸ್ಥೆಯ ಮಾರ್ಗಸೂಚಿಯಂತೆ ವಾರಕ್ಕೆ ಕನಿಷ್ಠ 2–3 ದಿನ ಸ್ಟ್ರೆಚಿಂಗ್ ಬೇಕು. ಒಮ್ಮೆಗೆ 10ರಿಂದ 30 ಸೆಕೆಂಡ್ ಹಿಡಿಯಬೇಕು. ಹಿರಿಯರಿಗೆ 30ರಿಂದ 60 ಸೆಕೆಂಡ್ ಹೆಚ್ಚು ಪ್ರಯೋಜನಕಾರಿ. ಪ್ರತಿ ಸ್ಟ್ರೆಚ್‌ಗೆ ಒಟ್ಟು 60 ಸೆಕೆಂಡ್ ಸಿಕ್ಕರೆ ಸಾಕು. ಅಂದರೆ 30 ಸೆಕೆಂಡ್‌ನಂತೆ ಎರಡು ಬಾರಿ.

* ಎದೆಗೆ: ಬಾಗಿಲ ಚೌಕಟ್ಟಿಗೆ ಮುಂಗೈ ಊರಿ, ಮೊಣಕೈ ಭುಜಕ್ಕಿಂತ ತುಸು ಕೆಳಗಿಟ್ಟು, ಒಂದು ಹೆಜ್ಜೆ ಮುಂದಿಡಿ.
* ಭುಜದ ಹಿಂಭಾಗಕ್ಕೆ: ಒಂದು ಕೈಯನ್ನು ಎದೆಗೆ ಅಡ್ಡವಾಗಿ ತಂದು, ಇನ್ನೊಂದು ಕೈಯಿಂದ ಮೊಣಕೈ ಬಳಿ ಮೆಲ್ಲಗೆ ಒತ್ತಿ.
* ಕಂಕುಳಿನಿಂದ ಸೊಂಟದವರೆಗಿನ ಅಗಲ ಸ್ನಾಯುವಿಗೆ: ಮೇಜಿನ ಅಂಚು ಹಿಡಿದು, ಸೊಂಟವನ್ನು ಹಿಂದಕ್ಕೆ ತಳ್ಳಿ, ಎದೆ ನೆಲದತ್ತ ಬಾಗಿಸಿ.
* ಕುತ್ತಿಗೆಗೆ: ಕಿವಿಯನ್ನು ಭುಜದ ಕಡೆಗೆ ವಾಲಿಸಿ. ಕೈಯಿಂದ ತಲೆಯನ್ನು ಎಳೆಯಬೇಡಿ.

ಸ್ನಾಯು ಎಳೆದಂತೆ ಅನಿಸಬೇಕು, ನೋವಾಗಬಾರದು. ಇನ್ನೊಂದು ತಪ್ಪು ನಂಬಿಕೆಯೂ ಇದೆ. ಸ್ಟ್ರೆಚಿಂಗ್ ಮಾಡಿದರೆ ಮಾರನೇ ದಿನದ ಮೈಕೈ ನೋವು ಬರುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. 2011ರ ಕಾಕ್ರೇನ್ ವಿಮರ್ಶೆಯ ಪ್ರಕಾರ ಆ ನೋವಿನ ಮೇಲೆ ಇದರ ಪರಿಣಾಮ ತೀರಾ ಅಲ್ಪ. ಸ್ಟ್ರೆಚಿಂಗ್‌ನ ನಿಜವಾದ ಲಾಭವೆಂದರೆ ವಾರಗಳು ಕಳೆದಂತೆ ಹೆಚ್ಚುವ ಚಲನೆಯ ವ್ಯಾಪ್ತಿ.

ಎಸೆಯುವ ಆಟಗಾರರಿಗೆ

ಬೌಲರ್‌ಗಳು, ಜಾವೆಲಿನ್ ಎಸೆಯುವವರು, ಬ್ಯಾಡ್ಮಿಂಟನ್ ಆಡುವವರ ಬಲಾಢ್ಯ ಕೈ ಹೊರಮುಖವಾಗಿ ಹೆಚ್ಚು, ಒಳಮುಖವಾಗಿ ಕಡಿಮೆ ತಿರುಗುವುದು ಸಾಮಾನ್ಯ. ಇದರಲ್ಲಿ ಸ್ವಲ್ಪ ಭಾಗ ಮೂಳೆಯೇ ಹೊಂದಿಕೊಂಡದ್ದು, ಅದು ಕಾಯಿಲೆಯಲ್ಲ. ಆದರೆ ಎರಡು ಕೈಗಳ ಒಟ್ಟು ತಿರುಗುವಿಕೆಯಲ್ಲೇ ದೊಡ್ಡ ವ್ಯತ್ಯಾಸ ಕಂಡರೆ ಫಿಸಿಯೊಥೆರಪಿಸ್ಟ್‌ಗೆ ತೋರಿಸಬೇಕು.

ನಾರ್ವೆಯಲ್ಲಿ 2014–15ರ ಋತುವಿನಲ್ಲಿ 45 ಹ್ಯಾಂಡ್‌ಬಾಲ್ ತಂಡಗಳ 660 ಆಟಗಾರರ ಮೇಲೆ ಒಂದು ಪ್ರಯೋಗ ನಡೆಯಿತು. ಅರ್ಧದಷ್ಟು ತಂಡಗಳು ವಾರಕ್ಕೆ ಮೂರು ಬಾರಿ ವಾರ್ಮ್ ಅಪ್‌ನಲ್ಲೇ ಭುಜದ ಒಳತಿರುವು, ಹೊರತಿರುವಿನ ಬಲ, ಹೆಗಲೆಲುಬಿನ ಸ್ನಾಯುಗಳು ಮತ್ತು ಬೆನ್ನಿನ ಮೇಲ್ಭಾಗಕ್ಕೆ ವ್ಯಾಯಾಮ ಮಾಡಿದವು. ಈ ತಂಡಗಳಲ್ಲಿ ಭುಜದ ತೊಂದರೆಯ ಸಾಧ್ಯತೆ ಶೇ 28ರಷ್ಟು ಕಡಿಮೆಯಿತ್ತು. ಗಮನಿಸಬೇಕಾದದ್ದೆಂದರೆ, ಅಲ್ಲಿ ಕೇವಲ ಸ್ಟ್ರೆಚಿಂಗ್ ಇರಲಿಲ್ಲ, ಬಲವೂ ಜೊತೆಗಿತ್ತು.

ಗರಡಿ ಮತ್ತು ಯೋಗಶಾಲೆಯ ಪಾಠ

ಈ ಮಾತು ನಮ್ಮ ಗರಡಿ ಮನೆಗಳಿಗೆ ಹೊಸದಲ್ಲ. ಗದೆ, ಮುದ್ಗರಗಳನ್ನು ತಲೆಯ ಹಿಂದಿನಿಂದ ಸುತ್ತಿಸುವ ಪೈಲ್ವಾನರು ಭುಜದ ವ್ಯಾಪ್ತಿ ಮತ್ತು ಬಲ ಎರಡನ್ನೂ ಒಟ್ಟಿಗೆ ಸಾಧಿಸುತ್ತಿದ್ದರು. ಬ್ರಿಟಿಷರ ಮೂಲಕ ‘ಇಂಡಿಯನ್ ಕ್ಲಬ್ಸ್’ ಎಂಬ ಹೆಸರಿನಲ್ಲಿ ಪಶ್ಚಿಮಕ್ಕೆ ಹೋದ ಈ ಅಭ್ಯಾಸ 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯೂ ಆಗಿತ್ತು. ಆರಂಭದಲ್ಲಿ ಹಗುರವಾದದ್ದನ್ನೇ ಬಳಸಬೇಕು, ಬಲ್ಲವರಿಂದ ಕಲಿಯಬೇಕು.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಬೆಲ್ಟ್, ಹಗ್ಗ, ಮರದ ಇಟ್ಟಿಗೆಗಳನ್ನು ಆಸನಾಭ್ಯಾಸಕ್ಕೆ ತಂದವರು. ಗೋಮುಖಾಸನದಲ್ಲಿ ಬೆನ್ನ ಹಿಂದೆ ಎರಡು ಕೈ ಸೇರದಿದ್ದರೆ ನಡುವೆ ಬೆಲ್ಟ್ ಹಿಡಿದರಾಯಿತು, ಭುಜವನ್ನು ಹಿಂಸಿಸಬೇಕಿಲ್ಲ.

ಯಾವಾಗ ವೈದ್ಯರನ್ನು ಕಾಣಬೇಕು?

* ಬಿದ್ದ ಮೇಲೆ ಅಥವಾ ‘ಟಪ್’ ಎಂದ ಸದ್ದಿನ ನಂತರ ಕೈ ಎತ್ತಲು ಆಗದಿದ್ದರೆ.
* ರಾತ್ರಿ ಆ ಬದಿಗೆ ಮಲಗಲಾರದಷ್ಟು ನೋವಿದ್ದರೆ.
* ಕೈ ಬೆರಳುಗಳಲ್ಲಿ ಜೋಮು ಅಥವಾ ಹಿಡಿತದಲ್ಲಿ ಬಲಹೀನತೆ ಇದ್ದರೆ.
* ಭುಜ ಎಲ್ಲ ದಿಕ್ಕಿನಲ್ಲೂ ದಿನೇದಿನೇ ಬಿಗಿಯಾಗುತ್ತಿದ್ದರೆ. ಇದು ಫ್ರೋಜನ್ ಶೋಲ್ಡರ್ ಇರಬಹುದು. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ಮಧುಮೇಹಿಗಳಲ್ಲಿ ಇದು ಹೆಚ್ಚು. ಜೋರಾಗಿ ಎಳೆದರೆ ನೋವು ಉಲ್ಬಣಿಸುತ್ತದೆ.

ಭುಜ ಅಥವಾ ಎಡಗೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಅಥವಾ ದವಡೆ ನೋವು ಇದ್ದರೆ ಅದನ್ನು ಸ್ನಾಯು ಹಿಡಿದದ್ದೆಂದು ಭಾವಿಸಿ ಸ್ಟ್ರೆಚ್ ಮಾಡುತ್ತಾ ಕೂರಬೇಡಿ. ಅದು ಹೃದಯಾಘಾತದ ಲಕ್ಷಣವಿರಬಹುದು. ತಕ್ಷಣ 112ಕ್ಕೆ ಕರೆ ಮಾಡಿ.

ಉಳಿದಂತೆ, ದಿನಕ್ಕೆ ಹತ್ತು ನಿಮಿಷ ಮತ್ತು ಗಂಟೆಗೊಮ್ಮೆ ಕುರ್ಚಿಯಿಂದ ಎದ್ದು ತೋಳು ಸುತ್ತಿಸುವ ಅಭ್ಯಾಸ ಸಾಕು. ನಾಲ್ಕಾರು ವಾರಗಳ ನಂತರ ಮತ್ತೆ ಗೋಡೆಗೆ ಬೆನ್ನು ತಾಗಿಸಿ ನಿಂತು ಹೆಬ್ಬೆರಳು ಎಲ್ಲಿಗೆ ಬಂತು ಎಂದು ನೋಡಿಕೊಳ್ಳಿ.