ಮೂರ್ತೆ ಬಿಟ್ಟವರ ಮನೆವಾರ್ತೆ

ಮಂಗಳೂರಿನ ಬಾಸೆಲ್ ಮಿಷನ್ ಸಭೆಯ ಮನೆಗಳ ಶಿಸ್ತಿನ ಮಾತು ಬಂದಾಗ ಅದರ ಶ್ರೇಯಸ್ಸು ಬೆಳಿಗ್ಗೆ ಸಂಜೆಯ ಬೈಬಲ್ ಓದಿಗೆ, ಇಲ್ಲವೇ ಮಿಷನ್ ಶಾಲೆಯಲ್ಲಿ ಹೊಲಿಗೆ ಕಲಿತ ಗೃಹಿಣಿಗೆ ಸಲ್ಲುವುದು ವಾಡಿಕೆ. ಎರಡೂ ಸುಳ್ಳಲ್ಲ. ಆದರೆ ಆ ಮನೆವಾರ್ತೆ ನೆಲೆಯೂರಲು ಮೊದಲು ಗಂಡಸಿನ ಕಸುಬು ಬದಲಾಗಬೇಕಾಯಿತು, ಆಮೇಲೆ ಮನೆಯೆಂಬ ಮನೆಯೇ ಹೊಸದಾಗಿ ಹುಟ್ಟಬೇಕಾಯಿತು ಎಂಬುದು ನನ್ನ ವಾದ. 1834ರ ಅಕ್ಟೋಬರ್‌ನಲ್ಲಿ ಮಂಗಳೂರಿಗೆ ಬಂದಿಳಿದ ಮಿಷನರಿಗಳಾದ ಹೆಬಿಕ್, ಲೆನರ್, ಗ್ರೈನರ್ ಅವರ ಮನಸ್ಸಿನಲ್ಲಿದ್ದುದು ಯುರೋಪಿನ ಪಯಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಭಕ್ತಿಪಂಥದ ಕುಟುಂಬದ ಚಿತ್ರ: ತಂದೆ ಓದುತ್ತಾನೆ, ಹೆಂಡತಿ ಮಕ್ಕಳು ಸುತ್ತ ಕೂತು ಕೇಳುತ್ತಾರೆ. ಅವರ ಮಾತಿಗೆ ಒಲಿದವರಲ್ಲಿ ಅನೇಕರು ಬಿಲ್ಲವರು. ಅಳಿಯಸಂತಾನದ ಆ ಸಮಾಜದಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತಿತ್ತು, ಕುಟುಂಬದ ಯಜಮಾನಿಕೆ ಸೋದರಮಾವನದು. ಅಪ್ಪ ಮಕ್ಕಳಿಗೆ ಬೇಕಾದವನೇ, ಆದರೆ ಅವರ ಕುಟುಂಬಕ್ಕೆ ಸೇರಿದವನಲ್ಲ. ಮತಾಂತರವಾದವರ ಹಕ್ಕನ್ನು 1850ರ ಕಾಯ್ದೆ ಕಾಗದದ ಮೇಲೆ ಕಾಪಾಡಿತು, ನಿಜ. ಆದರೆ ಒಬ್ಬೊಬ್ಬರೇ ಪಾಲು ಕೇಳಿ ಬೇರೆಯಾಗುವ ಪದ್ಧತಿಯೇ ಅಳಿಯಸಂತಾನದಲ್ಲಿ ಇರಲಿಲ್ಲ. ಹಾಗಾಗಿ ಹೊಸ ಕ್ರೈಸ್ತ ಗೃಹಸ್ಥ ಬರಿಗೈಯಲ್ಲೇ ಸಂಸಾರ ಹೂಡಬೇಕಾಗಿತ್ತು.

ಮಿಷನ್ ಬರುವ ಮುಂಚೆ ಈ ಜನಕ್ಕೆ ಹೊತ್ತುಗೊತ್ತಿನ ಕಟ್ಟುಪಾಡಿರಲಿಲ್ಲ ಎನ್ನುವವರು ಬಿಲ್ಲವರ ಕಸುಬಾದ ಮೂರ್ತೆಯನ್ನು, ಅಂದರೆ ಮರದಿಂದ ಶೇಂದಿ ಇಳಿಸುವ ಕೆಲಸವನ್ನು, ನೋಡಿದವರಲ್ಲ. ಮೂರ್ತೆದಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮರ ಹತ್ತಲೇಬೇಕು. ಹೊಂಬಾಳೆಯನ್ನು ಹದವಾಗಿ ತಟ್ಟಬೇಕು, ತುದಿಯನ್ನು ತೆಳುವಾಗಿ ಕೆತ್ತಬೇಕು, ತುಂಬಿದ ಮಡಕೆ ಇಳಿಸಬೇಕು. ಒಂದು ದಿನ ತಪ್ಪಿದರೂ ಇಳುವರಿ ಕೆಡುತ್ತದೆ, ಹೊಂಬಾಳೆಗೆ ಭಾನುವಾರವೆಂಬುದು ಗೊತ್ತಿಲ್ಲ. ಅಂದರೆ ಕುಟುಂಬ ಪ್ರಾರ್ಥನೆಗೆ ಮಿಷನ್ ಗೊತ್ತುಮಾಡಿದ ಎರಡು ಹೊತ್ತಿನಲ್ಲೂ ಮನೆಯ ಯಜಮಾನ ಮರದ ಮೇಲಿರುತ್ತಿದ್ದ! ಶೇಂದಿಯ ಕಸುಬನ್ನು ಮಿಷನ್ ಬಿಡಿಸಿದ್ದು ಕುಡಿತದ ಮೇಲಿನ ಸಿಟ್ಟಿನಿಂದ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದರ ಫಲವಾಗಿ ಮುಂಜಾನೆ, ಮುಸ್ಸಂಜೆಗಳು ಗಂಡಸಿಗೆ ಬಿಡುವಾದವು. ಬಿಡುವಿನಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಅದಕ್ಕಾಗಿ 1840ರ ದಶಕದಲ್ಲಿ ನೇಯ್ಗೆ ಬಂತು, 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಕಾರ್ಖಾನೆಗೆ ಗೊತ್ತಾದ ವೇಳೆಯಿತ್ತು, ಕೂಲಿಯಿತ್ತು, ಭಾನುವಾರ ರಜೆಯಿತ್ತು. ಅಡುಗೆ, ಓದು, ಮಲಗುವ ಹೊತ್ತುಗಳೆಲ್ಲ ಅದಕ್ಕೆ ಹೊಂದಿಕೊಂಡವು. ಹೆಂಗಸರೂ ಕೂಲಿಗೆ ಹೋಗುತ್ತಿದ್ದರು. ಆದ್ದರಿಂದ ಆದರ್ಶ ಗೃಹಿಣಿಯ ಚಿತ್ರ ಬಡವರ ಮನೆಯಲ್ಲಿ ಎಷ್ಟು ನಿಜವಾಗಿತ್ತು ಎಂಬ ಅನುಮಾನ ನನಗಿದೆ.

ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಅದೇ ಊರಿನಲ್ಲಿದೆ. ಕೊಂಕಣಿ ಮಾತಾಡುವ ಕಥೋಲಿಕರ ಮನೆಗಳಲ್ಲಿ ಯಾವ ಕಾರ್ಖಾನೆಯ ಹಂಗೂ ಇಲ್ಲದೆ ತೇರ್ಸ್ ಎಂಬ ಸಂಜೆಯ ಪ್ರಾರ್ಥನೆ ನಡೆದುಬಂದಿದೆ: ಇಗರ್ಜಿಯಲ್ಲಿ ಆಮೊರಿ ಎಂಬ ಸಂಜೆ ಪ್ರಾರ್ಥನೆಯ ಗಂಟೆ, ಆಲ್ತಾರಿನ ಮುಂದೆ ಜಪಮಾಲೆ, ಕೊನೆಗೆ ಮಕ್ಕಳು ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವುದು. ಭಕ್ತಿಯೊಂದೇ ಸಾಕೆಂದು ಇದರಿಂದ ತೋರಬಹುದು. ಆದರೆ ಅವರಲ್ಲಿ ಬಹುಮಂದಿ ಸಾಗುವಳಿಯವರಾಗಿದ್ದರು. ಕತ್ತಲಾದರೆ ಗದ್ದೆಯ ಕೆಲಸ ತಾನಾಗಿ ನಿಲ್ಲುತ್ತಿತ್ತು, ಎಲ್ಲರೂ ಮನೆ ಸೇರುತ್ತಿದ್ದರು. ಅಪ್ಪ, ಅಮ್ಮ, ಮಕ್ಕಳು ಒಂದೇ ಸೂರಿನಡಿ ಇರುವ ಸಂಸಾರ ಅವರಿಗೆ ತಲೆಮಾರುಗಳಿಂದ ಬಂದದ್ದು. ತೇರ್ಸ್ ಆ ಸಂಸಾರದ ಒಂದು ಹೊತ್ತನ್ನಷ್ಟೇ ಕೇಳಿತು. ಬಾಸೆಲ್ ಸಭೆಯ ಪ್ರಾರ್ಥನೆಗೆ ಕೂರಲು ಅಂಥ ಸಂಸಾರವನ್ನೂ ಅದರ ಕೂಳನ್ನೂ ಮೊದಲು ಹೊಂದಿಸಬೇಕಿತ್ತು, ಆ ಖರ್ಚಿನ ದೊಡ್ಡ ಪಾಲು ಬಂದದ್ದು ಹೆಂಚು ಮತ್ತು ಬಟ್ಟೆಯ ಮಾರಾಟದಿಂದ.